ಮಗ್ಗದ ಕೋಣೆಯಲ್ಲಿ ಹಾಕಿದ ಆಲ್ಬಂ

ಕಳೆದ ವರ್ಷದ ದೀಪಾವಳಿ ರಜೆ. ನಾನು ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಹೊರಟಿದ್ದೇ ಗೆಳೆಯ ಮಂಜನ ಜೊತೆಗಿನ ಒಂದು ವಾದ ಮುಗಿಸಲು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾವಿಬ್ಬರೂ ಒಂದೇ ತಂಡ. ಹೊರಗೆ ಬಂದರೆ ಯಾವ ವಿಷಯಕ್ಕೂ ಒಪ್ಪಿಗೆಯಿಲ್ಲ.

ಈ ಸಲದ ಜಗಳ ಒಬ್ಬ ವಿದೇಶಿ ರೆಕಾರ್ಡ್ ಪ್ರೊಡ್ಯೂಸರ್, ಅಂದರೆ ಬೇರೆಯವರು ಹಾಡಿ ಬಾರಿಸಿದ್ದನ್ನು ಜೋಡಿಸಿ ಆಲ್ಬಂ ಮಾಡುವವನ ಬಗ್ಗೆ. ಅವನ ಆಲ್ಬಂಗಳು ಮಂಜನಿಗೆ ಮೊಬೈಲಿನಲ್ಲಿ ಹೇಗೋ ಸಿಕ್ಕಿದ್ದವು. ಮರುಭೂಮಿಯ ಹಾಡುಗಾರರು, ಎಲ್ಲಿಯದೋ ಕೊಳಲು, ಅದರ ಕೆಳಗೆ ಕಾಲು ಕುಣಿಸುವ ಫಂಕ್ ತಾಳ. ಇದ್ದಕ್ಕಿದ್ದಂತೆ ಹಾಡು, ಕೊಳಲು ಎರಡೂ ಮಾಯ! ಡ್ರಮ್ಮು ಮತ್ತು ಎದೆಗೆ ತಾಗುವ ಬೇಸ್ ಗಿಟಾರ್ ಮಾತ್ರ ಉಳಿಯುತ್ತವೆ. ಹಾಡಿನ ಒಂದು ಚೂರು ಪ್ರತಿಧ್ವನಿಯಾಗಿ ದೂರದಿಂದ ತೇಲಿ ಬರುತ್ತದೆ. ಇದಕ್ಕೆ ಡಬ್ ಅನ್ನುತ್ತಾರಂತೆ.

"ಲೇ, ಹಾಡಿದ್ದು ಅವನಲ್ಲ, ಬಾರಿಸಿದ್ದೂ ಅವನಲ್ಲ. ಇರೋದನ್ನ ತೆಗೆದಾನೆ ಅಷ್ಟೆ. ಅದೆಂಗೆ ಅವನ ಆಲ್ಬಂ ಆಗ್ತೈತೆ?" ಎಂದೆ ನಾನು, ಮಂಜನ ಮನೆ ತಲುಪಿದ ಕೂಡಲೇ.

"ತೆಗೆಯೋದೇ ಅವನ ಕೆಲಸ ಕಣಲೇ. ತೆಗೆದಾಗ ಮೈಗೆ ಏನೋ ಆಗ್ತೈತಲ್ಲ, ಅದು ಅವನದು."

"ಆಗ್ತೈತೆ ಅನ್ನೋಕೆ ಪುರಾವೆ ಕೊಡು."

ಪುರಾವೆ ಕೇಳಿದೆ ನಿಜ. ಆದರೆ ಬಸ್ಸಿನ ದಾರಿಯುದ್ದಕ್ಕೂ ಇಯರ್‌ಫೋನಿನಲ್ಲಿ ಅದೇ ಆಲ್ಬಂ ಕೇಳುತ್ತ ಬಂದಿದ್ದೆ. ಯಾವಾಗ ಏನನ್ನು ತೆಗೆಯುತ್ತಾನೆ ಎಂದು ಹಿಡಿಯಲು ಕಾದು ಕೂತರೂ ಪ್ರತಿ ಸಲ ಅವನೇ ಮುಂದಿರುತ್ತಿದ್ದ.

ಮಂಜನ ಅಪ್ಪ ತಿಪ್ಪೇಸ್ವಾಮಿಯವರು ರೇಷ್ಮೆ ಸೀರೆ ನೇಯುವವರು. ಇಷ್ಟು ವರ್ಷ ನೇಯ್ದದ್ದೆಲ್ಲ ಅಂಗಡಿಗಳಿಗೆ ಹೋಗಿತ್ತು. ಈಗ ಮಗ್ಗದ ಮೇಲಿದ್ದದ್ದು ಮನೆಯಲ್ಲೇ ಉಳಿಯಬೇಕಾದ ಮೊದಲ ಸೀರೆ, ಮಂಜನ ಅಕ್ಕ ಗಿರಿಜಕ್ಕನ ನಿಶ್ಚಿತಾರ್ಥಕ್ಕೆ.

ಪರೀಕ್ಷೆ ಸೂಚಿಸಿದವನು ನಾನೇ. ಈ ಸಂಗೀತದ ಗಂಧಗಾಳಿ ಇಲ್ಲದ ಒಬ್ಬರಿಗೆ ಕೇಳಿಸೋಣ, ಅವರ ತಲೆ ಅಲ್ಲಾಡಿದರೆ ನಾನು ಸೋತಂತೆ. ಮಗ್ಗದ ಕೋಣೆಯ ಕಿಟಕಿಯಲ್ಲಿ ಸ್ಪೀಕರ್ ಇಟ್ಟೆವು.

"ಏಂದಿರಾ ಇದಿ?" ಎಂದು, ಇದೇನೆಂದು ತಿಪ್ಪೇಸ್ವಾಮಿಯವರು ಮನೆಮಾತು ತೆಲುಗಿನಲ್ಲೇ ಕೇಳಿದರು.

"ಕಾಲೇಜಿಂದು ಅಪ್ಪಾ, ನಿನ್ ಪಾಡಿಗೆ ನೀನು ನೇಯಿ."

ಅವರು ಬಗ್ಗಿದರು, ಲಾಳಿ ಅತ್ತಿಂದಿತ್ತ ಓಡಿತು. ನಾನು ಅವರ ತಲೆಯನ್ನೇ ದಿಟ್ಟಿಸುತ್ತ ನಿಂತೆ. ಆಲ್ಬಂ ಮುಗಿದರೂ ಅದು ಕೂದಲೆಳೆಯಷ್ಟೂ ಅಲ್ಲಾಡಲಿಲ್ಲ.

"ಸೋತೆಯಲ್ಲಲೇ!" ಎಂದು ಮಂಜನ ಬೆನ್ನಿಗೊಂದು ಗುದ್ದಿದೆ.

ಅಷ್ಟರಲ್ಲಿ ಗಿರಿಜಕ್ಕ ಚಹಾ ತಂದಳು. ಲೋಟ ಕೊಡಲು ಬಗ್ಗಿದವಳು ಹಾಗೇ ನಿಂತಳು. "ಅಪ್ಪಾ, ಇದೇನು ಇಲ್ಲಿ ಪಟ್ಟೆ ಪಟ್ಟೆ?"

ಆಗತಾನೇ ನೇಯ್ದಿದ್ದ ಕೆಲವು ಬೆರಳಗಲದಲ್ಲಿ ಬಟ್ಟೆ ಒಂದೆಡೆ ದಟ್ಟ, ಒಂದೆಡೆ ತೆಳು. ಲಾಳಿ ದಾಟಿದ ಮೇಲೆ ಎಳೆಯನ್ನು ಒತ್ತುವ ಬಡಿತ ಒಂದೇ ಸಮ ಇದ್ದರಷ್ಟೇ ಬಟ್ಟೆ ಒಂದೇ ಸಮ ಬರುತ್ತದೆ. ಹಾಡು ಮಾಯವಾಗಿ ಬೇಸ್ ಉಳಿದಾಗ ಅವರ ಕೈ ಅದರ ಹಿಂದೆ ಹೋಗಿ ಭಾರವಾಗಿತ್ತು, ಹಾಡು ಮರಳಿದಾಗ ಹಗುರಾಗಿತ್ತು. ಅದು ಅವರಿಗೇ ಗೊತ್ತಾಗಿರಲಿಲ್ಲ.

ಮಂಜ ಗೆದ್ದಿದ್ದ, ಆದರೆ ಗೆದ್ದವನ ಮುಖ ಬಿಳಿಚಿಕೊಂಡಿತ್ತು. ನಾನು ಕಿಟಕಿಯಿಂದ ಸ್ಪೀಕರ್ ಎತ್ತಿಕೊಂಡೆ.

"ಬಿಚ್ಚಿ ನೇಯ್ತೀನಿ ಬಿಡು" ಎಂದರು ತಿಪ್ಪೇಸ್ವಾಮಿಯವರು, ಸಣ್ಣ ದನಿಯಲ್ಲಿ.

"ಬ್ಯಾಡಪ್ಪಾ. ಬಿಚ್ಚಿದ್ರೆ ಎಳೆ ಜುಂಗೆದ್ದು ಇನ್ನೂ ಕೆಡ್ತೈತೆ. ಇದು ನೆರಿಗೆ ಒಳಗೆ ಹೋಗ್ತೈತೆ, ಯಾರು ನೋಡ್ತಾರೆ? ಈ ಇಬ್ಬರು ಪಂಡಿತರನ್ನ ಮಾತ್ರ ಅವತ್ತು ಪಾತ್ರೆ ತೊಳೆಯೋಕೆ ಹಾಕ್ತೀನಿ!" ಎಂದಳು ಗಿರಿಜಕ್ಕ.

ತಿಪ್ಪೇಸ್ವಾಮಿಯವರು ಹೆಬ್ಬೆರಳಿನಿಂದ ಆ ಪಟ್ಟೆಗಳನ್ನು ಸವರಿದರು. ಆಮೇಲೆ "ನಡೀರಲೇ ಹೊರಗೆ" ಎಂದರು. ಬೈಗುಳಕ್ಕೆ ಸಿದ್ಧರಾಗಿ ಹೊರಗೆ ನಡೆದೆವು. ಅವರು ಚಹಾ ಹಿಡಿದು ಹಿಂದೆಯೇ ಬಂದು ಜಗಲಿಯ ಮೇಲೆ ಕೂತು, "ಈಗ ಹಾಕ್ರಿ ಅದನ್ನ. ನನ್ನ ಕೈ ಎಳೆದೋನು ಯಾರು ಅಂತ ನೋಡಾನ" ಎಂದರು. ಮೂವರೂ ಮೊದಲಿಂದ ಕೊನೆಯವರೆಗೆ ಮತ್ತೆ ಕೇಳಿದೆವು.

ನಿಶ್ಚಿತಾರ್ಥದ ದಿನ ಪಾತ್ರೆ ತೊಳೆಯುತ್ತಿದ್ದಾಗ ಗಿರಿಜಕ್ಕ ಆ ಸೀರೆಯುಟ್ಟು ಪಕ್ಕದಲ್ಲೇ ಹಾದುಹೋದಳು. ಕಣ್ಣರಳಿಸಿ ನೋಡಿದೆ, ಪಟ್ಟೆ ಕಾಣಲಿಲ್ಲ.

ಈಗಲೂ ನಾನು ಎಲ್ಲದಕ್ಕೂ ಪುರಾವೆ ಕೇಳುವವನೇ. ಆದರೆ ಆ ಪ್ರೊಡ್ಯೂಸರ್ ಮಾಡಿದ್ದಾದರೂ ಏನು ಎಂದು ಯಾರಾದರೂ ನನ್ನನ್ನೇ ಕೇಳಿದರೆ, ಪುರಾವೆ ಇದೆ ಎನ್ನುತ್ತೇನೆ. ತೋರಿಸಲು ಮಾತ್ರ ಆಗುವುದಿಲ್ಲ. ಅದು ಗಿರಿಜಕ್ಕನ ನೆರಿಗೆಯೊಳಗಿದೆ.