ಜುಗೂಳದವಳ ಕೈಗುಣ

ಎಂಬತ್ತರ ದಶಕದ ಕೊನೆಗೆ ರಾಯಬಾಗದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಹೆರಿಗೆ ಕೋಣೆ ನೋಡಿಕೊಳ್ಳುತ್ತಿದ್ದವರು ನಾವಿಬ್ಬರೇ ನರ್ಸುಗಳು. ಮೊದಲು ಸೇರಿದವಳು ನಾನು. ಆಮೇಲೆ ಜುಗೂಳ ಎಂಬ ಊರಿನಿಂದ ಬಂದ ಇನ್ನೊಬ್ಬಳಿಗೆ ಕೆಲಸ ಕಲಿಸಿದವಳೂ ನಾನೇ. ಆದರೆ ಕೈಗುಣ ಮಾತ್ರ ಅವಳದಂತೆ! ನಮ್ಮ ಕಡೆ ನರ್ಸೆಂದರೆ ಬಾಯಾರು. ಮುಗಳಖೋಡದಿಂದ ಟ್ರ್ಯಾಕ್ಟರಿನಲ್ಲಿ ಬಂದವರೂ ನನ್ನ ಮುಖ ಕಂಡೊಡನೆ ಕೇಳುತ್ತಿದ್ದರು: "ಆ ಜುಗೂಳದ ಬಾಯಾರು ಅದಾರೇನ್ರಿ?"

ಬಾಣಂತಿ ಮನೆಗೆ ಹೊರಡುವ ದಿನ ಅವಳ ಅತ್ತೆ ಜುಗೂಳದವಳನ್ನು ಬೆಂಚಿನ ಮೇಲೆ ಕೂರಿಸಿ, ಖಣ, ಅಕ್ಕಿ, ಕೊಬ್ಬರಿ ಬಟ್ಟಲು ಹಾಕಿ ಉಡಿ ತುಂಬುತ್ತಿದ್ದಳು. ನೋವು ತಿನ್ನುವಾಗ ಸೊಂಟ ತಿಕ್ಕಿದವಳು ನಾನಾಗಿದ್ದರೂ ನನಗೆ ಸಿಗುತ್ತಿದ್ದದ್ದು ಒಂದು ಪೇಢೆ. ಹೊಟ್ಟೆ ಉರಿಯುತ್ತಿತ್ತು. ಆ ಖಣಗಳಲ್ಲಿ ಅವಳು ಹೊಲಿಸಿಕೊಂಡ ಒಂದೊಂದು ಕುಪ್ಪಸದ ಅಂಚೂ ನನಗೆ ಬಾಯಿಪಾಠ. ಒಮ್ಮೆಯಾದರೂ ಇವರು ನನ್ನ ಉಡಿ ತುಂಬಲಿ ಎಂಬುದೊಂದೇ ಆಸೆ.

ಒಂದು ಮಧ್ಯಾಹ್ನ, ನೋವು ಜೋರಾಗಿದ್ದ ಸೊಸೆಯೊಬ್ಬಳನ್ನು ಕರೆತಂದರು. ಡಾಕ್ಟರು ಚಿಕ್ಕೋಡಿಗೆ ಹೋಗಿದ್ದರು. ಜುಗೂಳದವಳು ಎರಡು ಪಾಳಿ ಒಟ್ಟಿಗೆ ಮುಗಿಸಿ, ಆಗಷ್ಟೇ ಬಾಡಿಗೆ ಕೋಣೆಗೆ ಹೋಗಿ ಮಲಗಿದ್ದಳು. ನಾನು ಕೈತೊಳೆದು ಬಂದರೆ ಅತ್ತೆ ಬಾಗಿಲಿಗೆ ಅಡ್ಡ ನಿಂತಳು.

"ನೀವು ಮುಟ್ಟಬ್ಯಾಡ್ರಿ. ಆ ಬಾಯಾರೇ ಬರ್ಲಿ. ಅವರ ಕೈಗುಣ ಚಲೋ ಐತಿ."

"ತಡಾ ಆದ್ರ ಕೂಸು ಉಳಿಯೂದಿಲ್ರಿ," ಎಂದು ಅಂಗಲಾಚಿದೆ. ಕೇಳಲಿಲ್ಲ. ಆಯಾ ಓಡಿಹೋಗಿ ಅವಳನ್ನು ಎಬ್ಬಿಸಿ ತರುವಷ್ಟರಲ್ಲಿ ಹೊತ್ತು ಮೀರಿತ್ತು. ಕೂಸು ಅಳಲೇ ಇಲ್ಲ.

ಸೊಸೆಯ ಮೈದುನ ಜುಗೂಳದವಳ ಜಡೆ ಹಿಡಿದು ಗೋಡೆಗೆ ನೂಕಿದ. "ನಿನ್ನ ಕೈ ನಂಬಿ ಬಂದಿದ್ವಿ ಲೇ!" ಎನ್ನುತ್ತ ಕೆನ್ನೆಗೆ ಬಾರಿಸಿದ. ನಾನು ನಡುವೆ ಬಿದ್ದು ಬಿಡಿಸುವಷ್ಟರಲ್ಲಿ ಅವಳ ತುಟಿ ಒಡೆದಿತ್ತು. ಸಂಜೆ ಬಂದ ಡಾಕ್ಟರು, "ಮಂದಿ ಸಿಟ್ಟಿನ್ಯಾಗ ಮಾಡ್ತಾರವ್ವ, ಮನಸಿಗೆ ಹಚ್ಕೋಬ್ಯಾಡ. ನಾಳೆ ಟೈಮಿಗೆ ಸರಿಯಾಗಿ ಬಾ," ಎಂದರು.

ಬಂದಳು, ಹೆರಿಗೆ ಕೋಣೆಯ ಹೊಸ್ತಿಲವರೆಗೆ. "ಸಾಕಾಗೇತಿ ಅಕ್ಕಾ," ಎಂದವಳೇ ಬಿಳಿ ಟೋಪಿ ತೆಗೆದು ನನ್ನ ಕೈಗಿಟ್ಟು ಊರಿನ ಬಸ್ಸು ಹತ್ತಿದಳು. ಆಮೇಲೆ ಸುದ್ದಿ ಬಂತು: ತವರಿನಲ್ಲಿ ಎಮ್ಮೆ ನೋಡಿಕೊಂಡಿದ್ದಾಳಂತೆ. ಮಧ್ಯಾಹ್ನ ನಿದ್ದೆ ಬೇರೆ ಮಾಡುತ್ತಾಳಂತೆ! ಅದನ್ನು ಕೇಳಿ ಮತ್ತೆ ನನ್ನ ಹೊಟ್ಟೆ ಉರಿಯಿತು. ಎರಡೂ ಪಾಳಿ ಈಗ ನನ್ನ ತಲೆಯ ಮೇಲಿದ್ದವು.

ತಿಂಗಳೊಪ್ಪತ್ತಿನಲ್ಲಿ ಬೇರೊಬ್ಬ ಬಾಣಂತಿಯ ಅತ್ತೆ ನನ್ನ ಉಡಿಯನ್ನೂ ತುಂಬಿದಳು. ಹಸಿರು ಖಣ, ಅಗಲ ಅಂಚು. "ನಿಮ್ಮ ಕೈಗುಣ ಭಾಳ ಚಲೋ ಐತ್ರಿ ಬಾಯಾರ. ನಮ್ಮ ಊರಾಗೆಲ್ಲಾ ಹೇಳ್ತೀನಿ," ಎಂದಳು ಆ ಅತ್ತೆ.

"ಹೇಳಬ್ಯಾಡ್ರಿ," ಎಂದೆ. "ನಿಮ್ಮ ಕಾಲಿಗೆ ಬೀಳ್ತೀನಿ, ಯಾರಿಗೂ ಹೇಳಬ್ಯಾಡ್ರಿ."