ಬಚ್ಚಲಿನಿಂದ ಹೊರಬಂದ ಬಾಯ್ಲರ್

ಮೊಮ್ಮಕ್ಕಳೇ, ನಾನು ಚಿಕ್ಕವಳಿದ್ದಾಗ ಜಾಲಹಳ್ಳಿಯ ನಮ್ಮ ಮನೆಗೆ ತಾಮ್ರದ ಬಾಯ್ಲರ್ ಬಂದದ್ದು ಅಕ್ಕನ ಕುಬಸಕ್ಕೆ, ಅಂದರೆ ಸೀಮಂತಕ್ಕೆ. ಮದುವೆಯಾಗಿ ಪೋತ್ನಾಳಕ್ಕೆ ಹೋಗಿದ್ದ ಅಕ್ಕ ಏಳು ತಿಂಗಳ ಬಸುರಿಯಾಗಿ ತವರಿಗೆ ಬಂದಿದ್ದಳು. ಮಗಳು ಬಿಸಿನೀರಿಗೆ ಕಾಯಬಾರದೆಂದು ಅಪ್ಪ ಅದನ್ನು ರಾಯಚೂರಿನಿಂದ ಬಸ್ಸಿನ ಮೇಲೆ ಹಾಕಿಕೊಂಡು ತಂದಿದ್ದ. ನಡುವಿನ ಕೊಳವೆಯಲ್ಲಿ ಬೆಂಕಿ, ಸುತ್ತಲೂ ನೀರು. ಅದರ ಹೊಳೆಯುವ ಹೊಟ್ಟೆಯಲ್ಲಿ ನಾವು ಓಣಿಯ ಮಕ್ಕಳೆಲ್ಲ ನಮ್ಮ ನಮ್ಮ ಸೊಟ್ಟ ಮುಖ ನೋಡಿಕೊಂಡು ನಕ್ಕಿದ್ದೇ ನಕ್ಕಿದ್ದು!

ಕುಬಸದ ಬೆಳಿಗ್ಗೆ ಅಪ್ಪ ಅದನ್ನು ಬಚ್ಚಲಲ್ಲೇ ಇಟ್ಟು, ಮೊದಲು ನೀರು ತುಂಬಿ, ಆಮೇಲೆ ಹತ್ತಿಕಟ್ಟಿಗೆ ಹಾಕಿ ಉರಿ ಹಚ್ಚಿದ. ಅವ್ವ ಅಕ್ಕನ ತಲೆಗೆ ಎಣ್ಣೆ ತಿಕ್ಕಿ ಒಳಗೆ ಕಳಿಸಿದಳು. ಚಳಿಯೆಂದು ಅಕ್ಕ ಬಾಗಿಲು ಬಿಗಿಯಾಗಿ ಹಾಕಿಕೊಂಡಳು. ಆ ಬಚ್ಚಲಿಗೆ ಕಿಟಕಿಯೇ ಇರಲಿಲ್ಲ. ನಾನು ಹೊರಗೆ ಕೂತು ಅವಳ ಹಾಡು ಕೇಳುತ್ತಿದ್ದೆ. ಒಮ್ಮೆಲೇ ಹಾಡು ನಿಂತಿತು.

"ಅಕ್ಕಾ, ಯಾಕ ನಿಲ್ಲಿಸಿದಿ?"

"ತಲಿ ತಿರಗಾಕತ್ತದ..." ದನಿ ತೀರ ಸಣ್ಣಗಿತ್ತು.

"ಯವ್ವಾ!" ಎಂದು ಕಿರುಚಿದೆ. ಅವ್ವ ಓಡಿಬಂದು ಬಾಗಿಲಿಗೆ ಮೈಕೊಟ್ಟು ದೂಡಿದಳು. ಅಗಳಿ ಕಿತ್ತು ಬಂತು. ಅಕ್ಕನಿಗೆ ಸೀರೆ ಸುತ್ತಿ ಅಂಗಳದ ಬೇವಿನ ಮರದ ಕೆಳಗೆ ಮಲಗಿಸಿದರು. ತಂಗಾಳಿಗೆ ಅಕ್ಕ ಕಣ್ಣು ತೆರೆದಳು. ಅಪ್ಪ ಓಡಿಹೋಗಿ ದವಾಖಾನೆಯ ನರ್ಸಮ್ಮನನ್ನು ಕರೆತಂದ.

ಆಕೆ ಅಕ್ಕನ ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿ ನಕ್ಕಳು. "ಕೂಸು ಒದಿಯಾಕತ್ತದ, ಇಬ್ಬರೂ ಆರಾಮ ಅದಾರ. ಆದ್ರ ಮುಚ್ಚಿದ ಖೋಲ್ಯಾಗ ಉರಿ ಹಚ್ಚಬ್ಯಾಡ್ರಿ. ಕಣ್ಣಿಗಿ ಹೊಗಿ ಕಾಣದಿದ್ರೂ ಗಾಳ್ಯಾಗ ವಿಷ ಇರ್ತದ."

ಬಾಯ್ಲರ್ ಆರಿದ ಮೇಲೆ ಅಪ್ಪ ಅದನ್ನು ಹೊತ್ತು ತಂದು ಬಯಲಿಗಿಟ್ಟ, ಗೋಡೆಯಿಂದ ದೂರ. ಮತ್ತೆ ನೀರು, ಮತ್ತೆ ಉರಿ. ಓಣಿಯ ಹೆಂಗಸರು ಸೀರೆಗಳಿಂದ ಮರೆ ಕಟ್ಟಿದರು. ಸೀಗೆಕಾಯಿಯ ಘಮಲು ಅಂಗಳ ತುಂಬಿತು. ಅಕ್ಕನ ಸ್ನಾನ ಮುಗಿದರೂ ಬಿಸಿನೀರು ಮುಗಿಯಲಿಲ್ಲ. ಓಣಿಯ ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿ ಮೀಯಿಸಿದರು. ಮಧ್ಯಾಹ್ನ ಅಕ್ಕ ಹಸಿರು ಸೀರೆ ಉಟ್ಟು, ಕೈತುಂಬ ಬಳೆ ತೊಟ್ಟು ಕೂತಾಗ ನಾವೆಲ್ಲ ಒದ್ದೆ ತಲೆಯಲ್ಲೇ ಹೋಳಿಗೆ ತಿಂದೆವು. ಆಗ ಹೊಟ್ಟೆಯೊಳಗೆ ಒದ್ದ ಕೂಸೇ ನಿಮ್ಮ ದೊಡ್ಡಪ್ಪ.

ಈಗ ರಾಯಚೂರಿನ ನಮ್ಮ ಮಾಳಿಗೆಯ ಮೇಲೆ ಸೋಲಾರ್ ಇದೆ. ಕಟ್ಟಿಗೆ ಬೇಡ, ಹೊಗೆ ಇಲ್ಲ, ನಳ ತಿರುಗಿಸಿದರೆ ಸಾಕು. ಆದರೂ ಸ್ನಾನಕ್ಕೆ ಕರೆದರೆ ನೀವು ಮಂಚದ ಕೆಳಗೆ ಅಡಗಿಕೊಳ್ಳುತ್ತೀರಿ! ನಾವು ಅವತ್ತು ಮಿಂದ ಮೇಲೂ ಬೇಕಂತಲೇ ಮಣ್ಣಲ್ಲಿ ಹೊರಳಾಡಿ, ಮತ್ತೆ ಸಾಲಲ್ಲಿ ನಿಂತಿದ್ದೆವು.