ಗಾಜಿಗೆ ಕೈಬೆನ್ನು ಹಿಡಿಯುವ ಷಮೀಮ್

ಬೆಳಗಿನ ಜಾವ ಐದು ಗಂಟೆ. ಶಿಡ್ಲಘಟ್ಟದ ಮೇಲೆ ಹೊದ್ದುಕೊಂಡ ಜನವರಿಯ ಮಂಜು ಇನ್ನೂ ಕದಲಿಲ್ಲ. ರೇಷ್ಮೆ ನೂಲು ತೆಗೆಯುವ ಮನೆಗಳಲ್ಲಿ ಒಲೆಗೆ ಈಗಷ್ಟೇ ಬೆಂಕಿ ಬಿದ್ದಿದೆ, ಗೂಡು ಬೇಯುವ ವಾಸನೆ ಓಣಿಗೆ ಇಳಿಯುತ್ತಿದೆ. ಓಣಿಯ ಕೊನೆಯ ಹತ್ತಡಿ ಅಂಗಡಿಯಲ್ಲಿ ಷಮೀಮ್ ದೀಪ ಹಾಕದೆ ಕೂತಿದ್ದಾರೆ. ಎದುರಿಗೊಂದು ಮುದಿ ಟೀವಿ. ಸ್ವಿಚ್ಚು ಒತ್ತಿ, ಬಲಗೈಯ ಬೆನ್ನನ್ನು ಗಾಜಿನ ಹತ್ತಿರ ಒಯ್ಯುತ್ತಾರೆ. ಕೈ ಮೇಲಿನ ಸಣ್ಣ ಕೂದಲು ನಿಮಿರಿ ಎದ್ದರೆ ಗಾಜಿನವರೆಗೆ ಕರೆಂಟು ಬಂದಿದೆ ಎಂದರ್ಥ. ಇವತ್ತು ಎದ್ದಿದೆ. ಕಾರ್ಯಕ್ರಮ ಶುರುವಾಗುವ ಹೊತ್ತಲ್ಲ, ಗಾಜಿನ ತುಂಬ ಬಿಳಿ ಚುಕ್ಕಿಗಳು ಮೊರೆಯುತ್ತವೆ. ಹೊರಗೂ ಬಿಳುಪು, ಒಳಗೂ ಬಿಳುಪು. ಆ ಬೆಳಕಿನಲ್ಲಿ ಷಮೀಮ್ ಅವರ ಮುಖ ತೇಲುತ್ತಿರುವಂತೆ ಕಾಣುತ್ತದೆ.

ಇಷ್ಟು ಬೇಗ ಯಾಕಮ್ಮ ಎಂದರೆ ನಗುತ್ತಾರೆ. “ಈ ಹೊತ್ತಲ್ಲಿ ಕರೆಂಟು ನಿಯತ್ತಾಗಿರುತ್ತೆ. ಆರೂವರೆ ಆಯ್ತು ಅಂದ್ರೆ ಈ ಕಡೆ ರೀಲಿಂಗ್ ಮೋಟ್ರು, ಆ ಕಡೆ ತೋಟದ ಪಂಪ್‌ಸೆಟ್ಟು, ಎಲ್ಲಾರೂ ಸೇರ್ಕೊಂಡು ಎಳೆದಾಕ್ತಾರೆ. ಚಿತ್ರ ಒಣಗಿದ ಹೀರೇಕಾಯಿ ಥರ ಸೊರಗೋಗುತ್ತೆ. ಆಮೇಲೆ ತಪ್ಪು ಟೀವೀದಾ, ಕರೆಂಟಿಂದಾ, ಯಾವ ಪಂಡಿತ ಹೇಳ್ತಾನೆ?”

ಷಮೀಮ್ ಅವರಿಗೀಗ ನಲವತ್ತೇಳು. ತಾಯಿ ಮೆಹಬೂಬ್ ಬೀ ನೂಲು ತೆಗೆಯುವವರು, ತಂದೆ ಹುಸೇನ್ ಸಾಬ್ ರೇಡಿಯೋ ರಿಪೇರಿಯವರು. ಎಂಟನೇ ವಯಸ್ಸಿಗೇ ತಾಯಿಯ ಪಕ್ಕ ಕೂತು, ಕುದಿವ ನೀರಿನ ಬಾಣಲೆಯಲ್ಲಿ ಗೂಡಿನ ಎಳೆಯ ತುದಿ ಹುಡುಕುವುದನ್ನು ಕಲಿತರು. ಬೆರಳ ತುದಿ ಬೆಂದು ಬೆಂದು ಬಿಸಿಯೇ ತಿಳಿಯದಂತಾಯಿತು. “ನಮ್ಮ ಅಬ್ಬಾ ಅದನ್ನ ನೋಡಿ, ಈ ಕೈಗೆ ಕಾದ ಕಬ್ಬಿಣ ಹೆದರಬೇಕು ಕಣೇ ಅಂದ್ರು. ಅವತ್ತೇ ಬೆಸುಗೆ ಕಡ್ಡಿ ಕೊಟ್ರು.” ತಂದೆಗೆ ಲಕ್ವ ಹೊಡೆದ ಮರುವರ್ಷ, ಎಂಬತ್ನಾಲ್ಕರಲ್ಲಿ, ಊರಿಗೆ ಟೀವಿಗಳು ಒಂದೊಂದಾಗಿ ಬಂದಿಳಿದವು. ಅಂಗಡಿಯ ಬಾಗಿಲಲ್ಲಿ ತಮ್ಮ ಷರೀಫ್ ಕೂತ. ಹಿಂದೆ, ಹಳೆ ಚಾದರದ ಮರೆಯಲ್ಲಿ, ಷಮೀಮ್ ಕೂತರು. ಸೆಟ್ಟು ಇಸಕೊಳ್ಳುವವನು ಅವನು, ಬಿಚ್ಚುವವರು ಇವರು. ಷರೀಫನ ಕೈಗುಣ ಸುತ್ತ ಹತ್ತೂರಲ್ಲಿ ಹೆಸರಾಯಿತು. ಪಾಪ, ಅವನಿಗೆ ಫ್ಯೂಸು ಹಾಕಲೂ ಬರುತ್ತಿರಲಿಲ್ಲ.

ತೊಂಬತ್ತೊಂದರಲ್ಲಿ ಷರೀಫ್ ಬಟ್ಟೆ ವ್ಯಾಪಾರಕ್ಕೆಂದು ಚಿಕ್ಕಬಳ್ಳಾಪುರಕ್ಕೆ ಹೋದ ಮೇಲೆ ಷಮೀಮ್ ಚಾದರ ಕಿತ್ತು ಒಗೆಯಲು ಹಾಕಿದರು, ಮತ್ತೆ ಕಟ್ಟಲಿಲ್ಲ. ಮೊದಮೊದಲು ಜನ ಬಾಗಿಲಲ್ಲಿ ನಿಂತು ‘ಷರೀಫ್ ಇಲ್ವಾ’ ಎಂದು ಇಣುಕಿ ಸೆಟ್ಟು ಹೊತ್ತು ವಾಪಸ್ ನಡೆದರು. ಬೇರೆ ಕಡೆ ರಿಪೇರಿಯಾಗದೆ ತಿರುಗಿ ಬಂದರು. ಈಗ ದಿನಕ್ಕೆ ಮೂರು ನಾಲ್ಕು ಸೆಟ್ಟು, ಕ್ರಿಕೆಟ್ ಇದ್ದರೆ ಏಳೆಂಟು.

ಕಳೆದ ನವೆಂಬರಿನ ಒಂದು ಬೆಳಗ್ಗೆ ಚಿಂತಾಮಣಿ ಕಡೆಯ ಚೆನ್ನರಾಯಪ್ಪ ಟವೆಲಿನಲ್ಲಿ ಸುತ್ತಿದ ಪುಟ್ಟ ಪೆಟ್ಟಿಗೆಯೊಂದನ್ನು ಎದೆಗವುಚಿಕೊಂಡು ಬಂದರು. ಊರೂರು ತಿರುಗಿ ಕೊಳವೆ ಬಾವಿಗಳ ಆಳ ಅಳೆಯುವ ಸಂಸ್ಥೆಯೊಂದರಲ್ಲಿ ಅವರ ಕೆಲಸ. ಪೆಟ್ಟಿಗೆ ಸಂಸ್ಥೆಯ ಲ್ಯಾಪ್‌ಟಾಪು. ಮುಚ್ಚಳ ತೆಗೆದರೆ ಗಾಜು ಅಮಾವಾಸ್ಯೆ. ಎಂಟು ತಿಂಗಳ ಅಳತೆ ಎಲ್ಲ ಅದರೊಳಗೇ ಇತ್ತು. ಷಮೀಮ್ ಅಂಥದ್ದನ್ನು ಕಂಡದ್ದು ಅದೇ ಮೊದಲು. ಅಭ್ಯಾಸಬಲ, ಕೈಬೆನ್ನು ಹಿಡಿದರು. ಒಂದು ಕೂದಲೂ ಏಳಲಿಲ್ಲ.

ಕಿವಿಗೊಟ್ಟರೆ ಒಳಗೇನೋ ಸಣ್ಣಗೆ ತಿರುಗುತ್ತಿತ್ತು. “ಜೀವ ಇದೆ, ಮುಖ ಮಾತ್ರ ಕಪ್ಪು,” ಎಂದುಕೊಂಡು ಯೋಚಿಸಿದರು. ಕ್ಯಾಲ್ಕುಲೇಟರಿನ ಅಂಕಿ ಕತ್ತಲಲ್ಲಿ ಕಾಣುವುದಿಲ್ಲ, ಮೇಲೆ ಬೆಳಕು ಬಿದ್ದರೆ ಕಾಣುತ್ತದೆ. ಇದೂ ಅದೇ ವಂಶದ್ದಿರಬೇಕು, ಹಿಂದಿನ ದೀಪ ಆರಿರಬೇಕು. ಹಾಗಿದ್ದರೆ ಚಿತ್ರ ಗಾಜಿನ ಮೇಲೆ ಇದ್ದೇ ಇದೆ, ಬೆಳಕಿಲ್ಲದೆ ಕೂತಿದೆ ಅಷ್ಟೆ. ಟಾರ್ಚು ತಂದು ಓರೆಯಾಗಿ ಬೆಳಕು ಬಿಟ್ಟರು. ಏನೂ ಕಾಣಲಿಲ್ಲ. ಟಾರ್ಚಿನ ಗಾಜು ಒರೆಸಿದರು, ಪರದೆ ಒರೆಸಿದರು, ಸೆರಗಿನ ತುದಿಯಿಂದ ಕಣ್ಣನ್ನೂ ಒರೆಸಿಕೊಂಡರು. ಏನೂ ಇಲ್ಲ. ಲೆಕ್ಕ ತಪ್ಪಿತು ಎಂದು ಟಾರ್ಚು ಆರಿಸಬೇಕು, ಅಷ್ಟರಲ್ಲಿ ಪಕ್ಕದಲ್ಲಿ ಬಗ್ಗಿದ್ದ ಚೆನ್ನರಾಯಪ್ಪ ಖುಷಿಗೆ ಕನ್ನಡ ಮರೆತು ಮನೆಮಾತಾದ ತೆಲುಗಿಗೆ ಜಾರಿದರು.

“ಕನಪಡ್ತಾ ಉಂದಮ್ಮಾ! ಅಕ್ಷರ ಕಾಣ್ತಾ ಐತೆ. ಇಗೋ ನೋಡಿ, ಕಳವಾರದ ಬಾವಿ, ನಾನೂರ ಹತ್ತು ಅಡಿ.”

“ಎಲ್ಲಿ?” ಎಂದರು ಷಮೀಮ್.

“ಇಲ್ಲೇ, ನಿಮ್ಮ ಮೂಗಿನ ಕೆಳಗೇ.”

ಷಮೀಮ್ ನೋಡಿದರು. ಮಬ್ಬು ಕಪ್ಪಿನ ಮೇಲೆ ಟಾರ್ಚಿನ ಹಳದಿ, ಅದರಾಚೆ ಬರೀ ಹೊಗೆ. ಒಂದೇ ಮಾತಿನಲ್ಲಿ ಅವರಿಗೆ ಎರಡು ಸಂಗತಿ ಗೊತ್ತಾಯಿತು: ಪೆಟ್ಟಿಗೆಯ ದೋಷ ಎಲ್ಲಿದೆ ಎನ್ನುವುದು ಒಂದು, ತನ್ನ ದೋಷ ಎಲ್ಲಿದೆ ಎನ್ನುವುದು ಇನ್ನೊಂದು. ಈಗ ಹೇಳುತ್ತಾರೆ: “ಆರು ತಿಂಗಳಿಂದ ಬಂದ ಸೆಟ್ಟೆಲ್ಲಾ ಮಂಕು. ಕಂಪನಿಯವರು ಗಾಜು ಕೆಡಿಸ್ಬಿಟ್ರು ಅಂತ ಬೈಕೋತಿದ್ದೆ. ನೋಡಿದ್ರೆ ಮಂಕಾಗಿದ್ದು ನನ್ನ ಗಾಜು.”

ಅವತ್ತು ಅವರು ಬಾಯಿ ಬಿಡಲಿಲ್ಲ. ಪೆಟ್ಟಿಗೆ ಬಿಚ್ಚಿ, ಮುಚ್ಚಳದ ಕೀಲಿನ ಹತ್ತಿರ ಕೂದಲಿನಂಥ ತಂತಿಗಳ ಗೊಂಚಲು ಹಿಡಿದು, ಕಣ್ಣು ಮುಚ್ಚಿಕೊಂಡರು. ಹೆಬ್ಬೆರಳು ತೋರುಬೆರಳ ನಡುವೆ ಒಂದೊಂದನ್ನೇ ಎಳೆದರು. ನೂಲಿನಲ್ಲಿ ಗಂಟು ಹುಡುಕುವ ವರಸೆ ಇದು, ತಾಯಿ ಕಲಿಸಿದ್ದು. ಐದನೆಯ ತಂತಿಯಲ್ಲಿ ಬೆರಳು ತಡೆಯಿತು. ತೆರೆದು ಮುಚ್ಚಿ, ತೆರೆದು ಮುಚ್ಚಿ ತಂತಿ ಒಳಗೇ ತುಂಡಾಗಿತ್ತು. ಬೆಸೆದರು. ಮುಚ್ಚಳ ತೆರೆದಾಗ ಚೆನ್ನರಾಯಪ್ಪ ಬಾವಿಗಳ ಆಳವನ್ನೆಲ್ಲ ಗಟ್ಟಿಯಾಗಿ ಓದತೊಡಗಿದರು. ಷಮೀಮ್ ಅವರಿಗೆ ಕಂಡದ್ದು ಚೆಲ್ಲಿದ ಹಾಲು.

ಚಿಕ್ಕಬಳ್ಳಾಪುರದ ಡಾಕ್ಟರು ಎರಡೂ ಕಣ್ಣಿಗೆ ಪೊರೆ ಎಂದರು. ಫೆಬ್ರವರಿ ಎರಡನೇ ವಾರ ಬಲಗಣ್ಣಿಗೆ ಆಪರೇಷನ್. ಸಕ್ಕರೆ ಕಾಯಿಲೆಯೂ ಇರುವುದರಿಂದ ಖಂಡಿತ ಸರಿಹೋಗುತ್ತದೆಂದು ಮಾತು ಕೊಡಲಾರೆ ಎಂದೂ ಹೇಳಿದ್ದಾರೆ. ಷಮೀಮ್ ಅವರಿಗೆ ಭಯವಿದೆ, ಮುಚ್ಚಿಡುವುದಿಲ್ಲ. “ಕಣ್ಣು ಹೋದ್ರೆ ಗಂಜಿ ಕುಡ್ದು ಬದುಕ್ತೀನಿ. ಅಂಗಡಿ ಹೋದ್ರೆ ಏನ್ ಮಾಡ್ಲಿ? ಬೆಳಗ್ಗೆ ಎದ್ದು ಎಲ್ಲಿಗೆ ಹೋಗ್ಲಿ?”

ಆದರೆ ಭಯಕ್ಕಿಂತ ಹೆಚ್ಚು ಕಾಡಿದ್ದು ಮೇಲೂರಿನ ಅಮ್ಮಾಜಮ್ಮನವರ ಟೀವಿ. ರಿಪೇರಿ ಮುಗಿದ ಮೇಲೂ ಚಿತ್ರ ಮಂಕಾಗಿ ಕಂಡದ್ದಕ್ಕೆ, ಟ್ಯೂಬು ಸತ್ತಿದೆ, ಇನ್ನು ಪ್ರಯೋಜನವಿಲ್ಲ ಎಂದು ಜೂನ್ ತಿಂಗಳಲ್ಲಿ ಷಮೀಮ್ ಅವರೇ ತೀರ್ಪು ಕೊಟ್ಟಿದ್ದರು; ಮನೆಯವರು ಹಾಕಿಯೂ ನೋಡದೆ ಅಟ್ಟಕ್ಕೇರಿಸಿದ್ದರು. ಡಾಕ್ಟರ ಹತ್ತಿರದಿಂದ ಬಂದ ಮರುದಿನವೇ ಮೇಲೂರಿಗೆ ಬಸ್ಸು ಹತ್ತಿದರು. ಅಟ್ಟದಲ್ಲಿ ರಾಗಿ ಮೂಟೆಗಳ ನಡುವೆ ಬಿದ್ದಿದ್ದ ಸೆಟ್ಟು ಇಳಿಸಿ, ಧೂಳು ಹೊಡೆದು, ಹಾಕಿದರು. ಚಿತ್ರ ಕನ್ನಡಿಯಂತಿದೆ ಎಂದು ಮನೆಯವರೆಲ್ಲ ಹೇಳಿದರು. ಷಮೀಮ್ ತಲೆ ತಗ್ಗಿಸಿ ಕಣ್ಣಿನ ವಿಷಯ ಹೇಳಿಕೊಂಡರು.

ಅಮ್ಮಾಜಮ್ಮ ಎಲೆಯಡಿಕೆ ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿದರು. “ಹೋಗ್ಲಿ ಬಿಡಮ್ಮ. ಟೀವಿ ಇಲ್ದೆ ಐದು ತಿಂಗಳು ಸೊಸೆ ಹತ್ರ ಮಾತಾಡಂಗಾಯ್ತು. ಅವಳು ಒಳ್ಳೇಳು ಅಂತ ಈಗ ಗೊತ್ತಾಗೈತೆ.”

ಷಮೀಮ್ ಅತ್ತರಂತೆ. ಅಲ್ಲೇ, ಅವರ ನಡುಮನೆಯಲ್ಲಿ, ಎಲ್ಲರೆದುರಿಗೆ.

ಅಂದಿನಿಂದ ಸೆಟ್ಟು ತಂದವರಿಗೆಲ್ಲ ಮೊದಲು ಕಣ್ಣಿನ ಸುದ್ದಿ, ಆಮೇಲೆ ಟೀವಿ ಸುದ್ದಿ. ಪೆರೇಸಂದ್ರದ ಬಯ್ಯಪ್ಪ ‘ತಪ್ಪು ತಿಳ್ಕೋಬೇಡಮ್ಮ’ ಎನ್ನುತ್ತಲೇ ತಮ್ಮದನ್ನು ಎತ್ತಿಕೊಂಡು ನಡೆದರು. “ನಾನಾಗಿದ್ರೂ ಅದನ್ನೇ ಮಾಡ್ತಿದ್ದೆ,” ಎನ್ನುತ್ತಾರೆ ಷಮೀಮ್. ಉಳಿದವರ ಸೆಟ್ಟು ಸಿದ್ಧವಾದಾಗ ಓಣಿಯ ಯಾರನ್ನಾದರೂ ಕೂಗಿ ಕೂರಿಸಿಕೊಳ್ಳುತ್ತಾರೆ. ಅವರು ನೋಡಿ ಹೇಳಬೇಕು, ಇವರು ತಿರುಪು ತಿರುಗಿಸಬೇಕು. ಕೆಲಸ ನಿಧಾನ, ಆದರೆ ನಡೆಯುತ್ತಿದೆ.

ಈ ಲೇಖನದ ಸುದ್ದಿ ತಿಳಿದು ಷರೀಫ್ ಚಿಕ್ಕಬಳ್ಳಾಪುರದಿಂದ ಓಡಿ ಬಂದಿದ್ದಾರೆ. ಬಾಗಿಲಲ್ಲಿ ಕೂತು ಅಕ್ಕನಿಗೆ ಬುದ್ಧಿ ಹೇಳುತ್ತಿದ್ದಾರೆ. “ಆಪಾ, ಕೆಲಸದ ವಿಷಯ ಬರೀಲಿ, ಕಣ್ಣಿಂದು ಬೇಡ. ಪೇಪರಲ್ಲಿ ಬಂತು ಅಂದ್ರೆ ಅಂಗಡಿ ಕಥೆ ಮುಗೀತು. ಆಪರೇಷನ್ ಆಗ್ಲಿ, ಆಮೇಲೆ ಹೇಳೋಣ.” ತಮ್ಮನ ಮಾತಿನಲ್ಲಿ ಸುಳ್ಳಿಲ್ಲ ಎನ್ನುವುದು ಅಕ್ಕನಿಗೂ ಗೊತ್ತು. ಓಣಿಯಲ್ಲಿ ಮೋಟಾರುಗಳು ಒಂದೊಂದಾಗಿ ಶುರುವಾಗುತ್ತಿವೆ.

“ಬರೀರಿ,” ಎನ್ನುತ್ತಾರೆ ಕೊನೆಗೆ. “ಕಣ್ಣಿಂದೂ ಬರೀರಿ, ಅಮ್ಮಾಜಮ್ಮನ ಟೀವೀದೂ ಬರೀರಿ. ಏಳು ವರ್ಷ ಷರೀಫನ್ನ ನಂಬ್ಕೊಂಡು ತಂದ್ರು, ಆಮೇಲೆ ನನ್ನ ಕಣ್ಣು ನಂಬ್ಕೊಂಡು ತಂದ್ರು. ಎಲ್ಲಾ ಓದ್ಕೊಂಡ ಮೇಲೂ ಯಾರಾದ್ರೂ ಒಬ್ರು ಸೆಟ್ಟು ಹೊತ್ಕೊಂಡು ಬರ್ಲಿ. ಅವತ್ತು ನಾನು ಮೆಕ್ಯಾನಿಕ್ಕು.”